ಅಪಿಸಾಯಿಗೆ ಈಜು ಬರುತ್ತಿರಲಿಲ್ಲ

"ಹಲ್ಲು ಬುಬು, ಹಲ್ಲು. ಹಲ್ಲು ಕಾಣ್ಬೇಕು."

ಮ್ಯಾನೇಜರ್ ಡ್ಯಾರಿಲ್ ತನ್ನ ಎರಡು ತೋರುಬೆರಳುಗಳನ್ನು ತನ್ನದೇ ಬಾಯಿಗೆ ಹಾಕಿ ಕಿವಿಯವರೆಗೆ ಎಳೆದು ತೋರಿಸಿದ. ಮೊದಲೇ ಕೆಂಪು ಮುಖ, ಈಗ ಬೆಂದ ಕಪ್ಪೆಯ ಹಾಗೆ ಕಂಡ. ನಾಲ್ಕು ಗಂಟೆಯ ದೋಣಿ ಬರುತ್ತಿದೆ, ನಲವತ್ತು ಜನ ಇದ್ದಾರೆ, ನಿನ್ನ ಈ ಮೂತಿ ನೋಡಿದರೆ ದೋಣಿ ತಿರುಗಿಸಿಕೊಂಡು ಸಿಡ್ನಿಗೇ ಹೋಗುತ್ತಾರೆ ಎಂದ.

ನನ್ನ ಬಾಯಲ್ಲಿ ಉಳಿದಿರುವುದು ನಾಲ್ಕೇ ಹಲ್ಲು. ಆ ನಾಲ್ಕನ್ನೂ ಹನ್ನೊಂದು ವರ್ಷದಿಂದ ಈ ರೆಸಾರ್ಟಿಗೆ ದುಡಿಯಲು ಬಿಟ್ಟಿದ್ದೆ. ನನ್ನ ಫೋಟೋ ಇಲ್ಲದ ಫೋನು ಭೂಮಿಯ ಮೇಲೆ ಇರಲಾರದು. ಆದರೆ ಅವತ್ತು ಅವು ಹೊರಗೆ ಬರಲಿಲ್ಲ. ನನ್ನ ಅಣ್ಣನ ಮಗ ಅಪಿಸಾಯಿಯನ್ನು ಮಣ್ಣು ಮಾಡಿ ಆರು ದಿನವಾಗಿತ್ತು. ನಾನು ಕಪ್ಪು ಬಟ್ಟೆಯಲ್ಲಿದ್ದೆ.

"ಹೋದವನು ಹೋದ. ನೀವು ಹೇಗಿದ್ರೂ ಸಾವಿಗೂ ಹಾಡೋ ಜನ ಅಲ್ವಾ? ಹೋಗು, ಹೂವಿನ ಬಟ್ಟೆ ಹಾಕ್ಕೊಂಡು ಬಾ."

ನಾನು ನಮ್ಮ ಮಾತಿನಲ್ಲಿ, "ನಿನ್ನ ಬಾಯಿಗೆ ಹಂದಿ ಹೇಲು ತುಂಬ, ಬಡ್ಡೀಮಗನೆ," ಎಂದೆ. ಅವನಿಗೆ ನಮ್ಮ ಮಾತು ಬರುವುದಿಲ್ಲ. ಆಶೀರ್ವಾದ ಅಂದುಕೊಂಡು ಕೈಮುಗಿದ.

ನನ್ನ ಕೆಲಸ ಏನೆಂದು ಹೇಳಬೇಕು. ಸಮುದ್ರದ ದಂಡೆಯಲ್ಲಿ ಹುಲ್ಲಿನ ಚಪ್ಪರದ ಕೆಳಗೆ ಚಾಪೆ ಹಾಸಿ ಕೂರುವುದು, ದೋಣಿ ಇಳಿದವರಿಗೆ ಕಥೆ ಹೇಳುವುದು. ನನ್ನ ಹೆಸರು ವಾಸಿಸೇವಾ, ಆದರೆ ಅವರಿಗೆ ನಾನು ಬುಬು, ಅಜ್ಜಿ. ನಾನು ಹುಟ್ಟಿದ್ದು ಒಳನಾಡಿನ ಬೆಟ್ಟದ ಮೇಲೆ. ಅಲ್ಲಿನ ತೊರೆಯಲ್ಲಿ ಕೋಳಿಯ ಕಾಲೂ ಮುಳುಗುವುದಿಲ್ಲ. ಮದುವೆಯಾಗಿ ಹತ್ತೊಂಬತ್ತನೆಯ ವಯಸ್ಸಿಗೆ ಕೆಳಗೆ ಇಳಿದು ಬಂದಾಗ ಮೊದಲ ಸಲ ಸಮುದ್ರ ನೋಡಿದೆ. ಇಷ್ಟೊಂದು ನೀರು ಯಾರು ಚೆಲ್ಲಿದರು ಎಂದು ಗಂಡನನ್ನು ಕೇಳಿದೆ. ಆ ಪುಣ್ಯಾತ್ಮ ಮೂರು ದಿನ ನಕ್ಕ, ನಕ್ಕೂ ನಕ್ಕೂ ಅವನಿಗೆ ಜ್ವರ ಬಂತು. ಅಂದಿನಿಂದ ಇಂದಿನವರೆಗೆ ನಾನು ಮೊಣಕಾಲು ದಾಟಿ ನೀರಿಗೆ ಇಳಿದವಳಲ್ಲ.

ಇದನ್ನು ಹೇಳಿದರೆ ದೋಣಿ ಇಳಿದವರು ಆಕಳಿಸುತ್ತಿದ್ದರು. ಅದಕ್ಕೆ ಬೇರೆ ಕಥೆ ಕಟ್ಟಿದೆ. ಹುಟ್ಟಿದ ದಿನವೇ ಅಮ್ಮ ನನ್ನನ್ನು ಸಮುದ್ರಕ್ಕೆ ಎಸೆದಳು, ನಮ್ಮಲ್ಲಿ ಎಲ್ಲ ಕೂಸುಗಳನ್ನೂ ಹಾಗೇ ಎಸೆಯುತ್ತಾರೆ, ಒಂದು ಆಮೆ ಬೆನ್ನ ಮೇಲೆ ಕೂರಿಸಿಕೊಂಡು ದಡಕ್ಕೆ ತಂದು ಬಿಡುತ್ತದೆ ಎಂದೆ. ಚಪ್ಪಾಳೆ ಬಿತ್ತು. ಮರುವರ್ಷ ಆಮೆಯ ಜೊತೆಗೆ ಶಾರ್ಕು ಸೇರಿತು. ಅದರ ಮುಂದಿನ ವರ್ಷ, ಒಲೆಯ ಮೇಲೆ ಮರಗೆಣಸು ಕುದಿಯಲು ಇಟ್ಟು, ಉಪ್ಪು ತರಲು ಪಕ್ಕದ ದ್ವೀಪಕ್ಕೆ ಈಜಿಕೊಂಡು ಹೋಗಿ ಬರುತ್ತಿದ್ದೆ ಎಂದೆ. ಅವರು ಬಿದ್ದು ಬಿದ್ದು ನಕ್ಕರು. ನಂಬಿಯೂ ನಂಬಿದರು. ಹಿಂದೆ ನಿಂತಿದ್ದ ಡ್ಯಾರಿಲ್, ಈ ಜನ ರೆಕ್ಕೆ ಇಟ್ಟುಕೊಂಡೇ ಹುಟ್ಟುತ್ತಾರೆ, ಮೀನಿನ ರೆಕ್ಕೆ ಎಂದ. ನನಗೂ ಸುಖವಾಗುತ್ತಿತ್ತು. ಮುದುಕಿ ಮುಂಡೆಯ ಮಾತನ್ನು ಇನ್ನೆಲ್ಲಿ ನಲವತ್ತು ಜನ ಕೂತು ಕೇಳುತ್ತಾರೆ?

ಅಪಿಸಾಯಿ ನನ್ನ ತವರಿನ ಹುಡುಗ. ಎಂಟು ವರ್ಷದ ಕೆಳಗೆ ನಾನೇ ಕರೆಸಿಕೊಂಡು ರೆಸಾರ್ಟಿನ ತೋಟಕ್ಕೆ ಸೇರಿಸಿದ್ದೆ. ಇಲ್ಲಿನ ಲೋಸಾನಾಳನ್ನು ಕಟ್ಟಿಕೊಂಡ. ಬಾಗಿಲಲ್ಲಿ ಮೈ ಓರೆ ಮಾಡದೆ ಮನೆಯೊಳಗೆ ಬರಲಾರದಷ್ಟು ಅಗಲದ ಭುಜ ಅವನದು. ಆ ಭುಜ ನೋಡಿ ಡ್ಯಾರಿಲ್ ಅವನನ್ನು ತೋಟದಿಂದ ಎಬ್ಬಿಸಿ ದೋಣಿಗೆ ಹಾಕಿದ. ನನಗೆ ಈಜು ಬರುವುದಿಲ್ಲ ಸರ್ ಎಂದು ಅಪಿಸಾಯಿ ಮೊದಲ ದಿನವೇ ಹೇಳಿದ. ಡ್ಯಾರಿಲ್ ಅವನ ಬೆನ್ನಿಗೆ ಗುದ್ದಿ ನಕ್ಕ. ಸಂಜೆ ಊಟದ ಮನೆಯಲ್ಲಿ ಅದನ್ನೇ ಆ ವರ್ಷದ ನಗೆಮಾತಾಗಿ ಹೇಳಿದ. ಆಮೇಲೆ ಅಪಿಸಾಯಿ ಎಷ್ಟು ಸಲ ಹೇಳಿದನೋ ಅಷ್ಟು ಸಲವೂ ಅವರು ನಕ್ಕರು. ದೋಣಿಮನೆಯ ಗೋಡೆಗೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟುಗಳನ್ನು ತೂಗು ಹಾಕಿದ್ದಾರೆ. ಅವು ಬಂದವರಿಗೆ. ಒಂದು ಕೊಡಿ ಎಂದು ಇವನು ಕೇಳಿದಾಗ, ಮೀನಿಗೆ ಯಾಕೋ ಕೊಡೆ ಎಂದರಂತೆ.

ಆ ದಿನ ಗಾಳಿ ಎದ್ದಿತ್ತು. ಯಾರದೋ ರಬ್ಬರಿನ ಗುಲಾಬಿ ಹಕ್ಕಿ, ಅದರ ಮೇಲೆ ಕೂತು ತೇಲುತ್ತಾರಲ್ಲ ಅಂಥದ್ದು, ಗಾಳಿಗೆ ಸಿಕ್ಕಿ ಹವಳದ ಸಾಲು ದಾಟಿ ಹೋಯಿತು. ಹಕ್ಕಿಯ ಒಡತಿ ಅತ್ತಳು. ಹೋಗಿ ತಾ ಎಂದು ಡ್ಯಾರಿಲ್ ಅಪಿಸಾಯಿಯನ್ನು ಕಳಿಸಿದ. ಸಣ್ಣ ದೋಣಿ, ಒಬ್ಬನೇ.

ಗುಲಾಬಿ ಹಕ್ಕಿ ಸಂಜೆಗೆ ತಾನೇ ದಡಕ್ಕೆ ಬಂತು. ಅಪಿಸಾಯಿ ಮೂರನೆಯ ದಿನ ಬಂದ.

ನೀರಿನಲ್ಲಿ ಹೋದವನಿಗಾಗಿ ನಾವು ನೀರನ್ನೇ ಮುಚ್ಚುತ್ತೇವೆ. ಊರಿನ ಹಿರಿಯರು ಕಪ್ಪು ಬಟ್ಟೆ ಕಟ್ಟಿದ ಕೋಲನ್ನು ಸಮುದ್ರದಲ್ಲಿ ನೆಟ್ಟರೆ ನೂರು ದಿನ ಅಲ್ಲಿ ಯಾರೂ ಇಳಿಯುವಂತಿಲ್ಲ, ಬಲೆ ಬೀಸುವಂತಿಲ್ಲ. ಕೋಲು ನೆಡುವವರು ಮಾತ್ರ ಇಳಿಯಬಹುದು. ಅಪಿಸಾಯಿಯ ಕೋಲು ಎರಡೇ ದಿನ ನಿಂತಿತ್ತು. ಬಂದವರು ಈಜಬೇಕು, ಅವರ ಫೋಟೋದಲ್ಲಿ ಕಪ್ಪು ಬಟ್ಟೆ ಬೀಳುತ್ತದೆ ಎಂದು ರೆಸಾರ್ಟಿನವರು ಅದನ್ನು ಕಿತ್ತರು. ಬಟ್ಟೆ ಒಗೆಯುವ ಕೋಣೆಯಲ್ಲಿ ಪೊರಕೆಗಳ ಜೊತೆ ಒರಗಿಸಿ ಇಟ್ಟಿದ್ದರು.

ಮಣ್ಣು ಮಾಡಿದ ಐದನೆಯ ದಿನ ಆಫೀಸಿನ ಗುಮಾಸ್ತ ವಿಮಲೇಶ ಒಂದು ಕಾಗದ ಹಿಡಿದು ಲೋಸಾನಾಳ ಮನೆಗೆ ಬಂದ. ಅವನು ಕಬ್ಬಿನ ಗದ್ದೆಯ ಕೂಲಿಗಳ ಮೊಮ್ಮಗ, ಇಂಡಿಯದವರ ಪೈಕಿ. ನಿಮ್ಮ ಜನ ಬರೆಯುವುದಕ್ಕೇ ಹುಟ್ಟಿದವರು, ನಗುವುದಕ್ಕಲ್ಲ ಎಂದು ಡ್ಯಾರಿಲ್ ಅವನನ್ನು ಬಂದವರ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂರಿಸಿದ್ದಾನೆ. ಕಾಗದ ಪೊಲೀಸರಿಗೆ ಹೋಗುತ್ತದೆ, ಹೆಂಡತಿಯ ಸಹಿ ಬೇಕು ಎಂದ. ಓದು ಎಂದೆವು. ತಲೆ ತಗ್ಗಿಸಿ ಓದಿದ. ಅಪಿಸಾಯಿ ಒಳ್ಳೆಯ ಈಜುಗಾರ. ಮಧ್ಯಾಹ್ನದಿಂದ ಬೇರು ಅರೆದ ಅಮಲಿನ ಗ್ರಾಗ್ ಕುಡಿಯುತ್ತಿದ್ದ. ಯಾರೂ ಹೇಳದೆ ದೋಣಿ ತೆಗೆದುಕೊಂಡು ಹೋದ.

ಲೋಸಾನಾ ಮಗುವಿಗೆ ಹಾಲು ಕುಡಿಸುತ್ತಿದ್ದಳು. "ನನ್ ಗಂಡ ಗ್ರಾಗ್ ಮುಟ್ಟೋನೇ ಅಲ್ಲ. ಆ ಬೇರಿನ ವಾಸ್ನೆ ಬಂದ್ರೇ ವಾಂತಿ ಮಾಡ್ಕೊಳೋನು. ಯಾವ ಸೂಳೆಮಗ ಬರ್ದೋನು ಇದ?"

"ನಾನೇ," ಎಂದ ವಿಮಲೇಶ. "ಅವ್ರು ಹೇಳಿದ್ರು, ಬರ್ದೆ. ದ್ವೀಪದವ್ನು ಮುಳುಗ್ಬೇಕಾದ್ರೆ ಕುಡ್ದಿರ್ಲೇಬೇಕು, ಇಲ್ದಿದ್ರೆ ಯಾರು ನಂಬ್ತಾರೆ ಅಂದ್ರು."

ಅವನಿಗೆ ಈಜು ಬರುತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಯಾರು ಎಂದು ನಾನು ಕೇಳಿದೆ. ಜೋರಾಗಿಯೇ ಕೇಳಿದೆ, ಬೆಟ್ಟದ ಮೇಲಿನ ನನ್ನ ತವರಿಗೆ ಕೇಳಿಸುವ ಹಾಗೆ.

ವಿಮಲೇಶ ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನೀವು, ಬುಬು. ದಿನಾ ನೀವೇ ಹೇಳ್ತೀರಲ್ಲ, ನಿಮ್ಮವ್ರನ್ನೆಲ್ಲ ಹುಟ್ಟಿದ್ ದಿನಾನೇ ಸಮುದ್ರಕ್ಕೆ ಎಸೀತಾರೆ ಅಂತ. ಡ್ಯಾರಿಲ್ ಫೋನಲ್ಲಿದೆ. ಕೊನೇ ಸಾಲಲ್ಲಿ ಬರ್ಸಿದಾನೆ, ಅವನ ಸೋದರತ್ತೆಯ ಮಾತಿನ ಪ್ರಕಾರ ಅಂತ."

ಲೋಸಾನಾ ಸಹಿ ಮಾಡಲಿಲ್ಲ. ಕಾಗದವನ್ನು ನೋಡಲೂ ಇಲ್ಲ. ನನ್ನನ್ನು ನೋಡಿದಳು.

"ಅತ್ತೆ, ಅವತ್ತು ನಿಮ್ಮ ಆಮೆ ಎಲ್ಲಿಗ್ ಹೋಗಿತ್ತು?"

 

ಅದರ ಮಾರನೆಯ ದಿನವೇ ಡ್ಯಾರಿಲ್ ನನಗೆ ಹಲ್ಲು ಕೇಳಿದ್ದು.

ಹೂವಿನ ಬಟ್ಟೆ ಹಾಕಿಕೊಳ್ಳಲು ಹೋದವಳು ಒಗೆಯುವ ಕೋಣೆಗೆ ನುಗ್ಗಿ ಕೋಲನ್ನು ತೆಗೆದುಕೊಂಡೆ. ದೋಣಿ ಬಂತು. ನಲವತ್ತು ಜನ ಎಳನೀರು ಹಿಡಿದು ಚಾಪೆಯ ಸುತ್ತ ಕೂತರು. ನಾನು ಕಪ್ಪು ಬಟ್ಟೆಯಲ್ಲೇ ಹೋಗಿ ಕೂತೆ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ. ಡ್ಯಾರಿಲ್ ದೂರದಿಂದ ಮತ್ತೆ ಬಾಯಿ ಎಳೆದು ತೋರಿಸಿದ. ಹಿಂದೆ ಮರದ ಮರೆಯ ಮೇಜಿನಲ್ಲಿ ವಿಮಲೇಶ ಬಂದವರ ಹೆಸರು ಬರೆಯುತ್ತಿದ್ದ. ದಂಡೆಯ ಆ ಕೊನೆಯಲ್ಲಿ ಲೋಸಾನಾ ಮತ್ತು ನಮ್ಮ ಹೆಂಗಸರು ಕಪ್ಪು ಬಟ್ಟೆಯಲ್ಲಿ ನಿಂತಿದ್ದರು. ಅವರನ್ನು ನಾನೇ ಬರಹೇಳಿದ್ದೆ.

ನನಗೆ ಬರುವ ಒಡಕು ಇಂಗ್ಲಿಷಿನಲ್ಲಿ ಹೇಳಿದೆ. ನಾನು ಬೆಟ್ಟದವಳು. ನನಗೆ ಈಜು ಬರುವುದಿಲ್ಲ. ಆಮೆ ಸುಳ್ಳು, ಶಾರ್ಕು ಸುಳ್ಳು. ನನ್ನ ಅಣ್ಣನ ಮಗನಿಗೂ ಈಜು ಬರುತ್ತಿರಲಿಲ್ಲ, ಬರುವುದಿಲ್ಲ ಎಂದು ಅವನು ಹೇಳಿದ, ಇವರು ನಕ್ಕರು, ಒಂದು ರಬ್ಬರಿನ ಹಕ್ಕಿ ತರಲು ಕಳಿಸಿದರು, ಅವನು ಸತ್ತ.

ಅವರು ನಕ್ಕರು. ಒಬ್ಬ ಗಂಡಸು ತೊಡೆ ತಟ್ಟಿಕೊಂಡು ನಕ್ಕ. ರಬ್ಬರಿನ ಹಕ್ಕಿ ಅವನಿಗೆ ಬಹಳ ಹಿಡಿಸಿತು.

ನಾನು ಎದ್ದೆ. ಕೋಲು ಊರಿಕೊಂಡು ಸಮುದ್ರಕ್ಕೆ ನಡೆದೆ.

"ನೋಡಿ, ಈಗ ಬುಬು ಈಜಿ ತೋರಿಸ್ತಾಳೆ," ಎಂದು ಡ್ಯಾರಿಲ್ ಕೂಗಿದ. ಚಪ್ಪಾಳೆ ಬಿತ್ತು. ನಲವತ್ತು ಫೋನು ಮೇಲೆದ್ದವು.

ಮೊಣಕಾಲಿನವರೆಗೆ ನೀರು ನನಗೆ ಗೊತ್ತಿದ್ದ ನೀರು. ತೊಡೆಗೆ ಬಂದಾಗ ಬಟ್ಟೆ ಮೇಲೆದ್ದು ದೊಡ್ಡ ಕಪ್ಪು ಅಣಬೆಯ ಹಾಗೆ ನನ್ನ ಸುತ್ತ ಅರಳಿತು. ಸೊಂಟಕ್ಕೆ ಬಂದಾಗ ಉಚ್ಚೆ ಹೋಯಿತು, ಯಾರಿಗೂ ಕಾಣಲಿಲ್ಲ. ಎದೆಗೆ ಬಂದಾಗ ಕಾಲ ಕೆಳಗಿನ ಮರಳು ಹಾವಿನ ಹಾಗೆ ಸರಿಯತೊಡಗಿತು. ಅಲ್ಲಿ ಕೋಲನ್ನು ಎರಡೂ ಕೈಯಿಂದ ತಿರುಚಿ ತಿರುಚಿ ನೆಟ್ಟೆ. ತುದಿಯ ಕಪ್ಪು ಬಟ್ಟೆ ಗಾಳಿಗೆ ಬಿಚ್ಚಿಕೊಂಡಿತು. ಕೋಲನ್ನು ತಬ್ಬಿಕೊಂಡು ದಡದ ಕಡೆ ತಿರುಗಿದೆ.

"ಡ್ಯಾರಿಲ್, ನಂಗೆ ಈಜು ಬರಲ್ಲ."

ಎಲ್ಲರೂ ನಕ್ಕರು. ನಾನು ಇನ್ನೊಂದು ಸಲ ಹೇಳಿದೆ. ಅರ್ಧ ಜನ ನಕ್ಕರು. ಒಂದು ಅಲೆ ಬಂದು ನನ್ನ ಬಾಯಿ ಮೂಗು ಮುಚ್ಚಿ ಹೋಯಿತು. ಉಪ್ಪು ನೀರು ಕಾರಿ, ಕೆಮ್ಮಿ, ಮೂರನೆಯ ಸಲ ಹೇಳಿದೆ. ಎಳನೀರು ಹಿಡಿದಿದ್ದ ಒಬ್ಬ ಬಿಳಿಕೂದಲಿನ ಹೆಂಗಸು ಅದನ್ನು ಮರಳಿನಲ್ಲಿ ಇಟ್ಟು ಎದ್ದು ನಿಂತಳು. ಇವಳಿಗೆ ನಿಜವಾಗಿಯೂ ಬರುವುದಿಲ್ಲ ಎಂದು ಪಕ್ಕದವನಿಗೆ ಹೇಳಿದ್ದು ನನ್ನವರೆಗೂ ಕೇಳಿಸಿತು. ಫೋನುಗಳು ಇಳಿಯಲಿಲ್ಲ. ನಗು ಇಳಿಯಿತು.

ಡ್ಯಾರಿಲ್ ಹೊಳೆಯುವ ಬೂಟಿನಲ್ಲಿ ನೀರಿನ ಅಂಚಿನವರೆಗೆ ಓಡಿ ಬಂದ. ಹೊರಗೆ ಬಾ, ತಮಾಷೆ ಸಾಕು, ಬಂದವರು ಹೆದರುತ್ತಿದ್ದಾರೆ ಎಂದ. ಇವಳನ್ನು ಎಳೆದು ತನ್ನಿ ಎಂದು ಲೋಸಾನಾಳ ಕಡೆ ತಿರುಗಿದ. ಅವಳು ಕೋಲಿನ ಕಡೆ ಕೈ ತೋರಿಸಿದಳು.

"ನೀರು ಮುಚ್ಚೈತೆ. ನಾವು ಇಳಿಯಂಗಿಲ್ಲ. ನೀನು ಇಳಿ."

ಅವನು ಇಳಿಯಲಿಲ್ಲ. ದೋಣಿಮನೆಗೆ ಓಡಿ ಗೋಡೆಯಿಂದ ಒಂದು ಕಿತ್ತಳೆ ಜಾಕೆಟ್ಟನ್ನು ಕಿತ್ತುಕೊಂಡು ಬಂದ. ನಮ್ಮವರೊಬ್ಬರಿಗಾಗಿ ಅದು ಗೋಡೆಯಿಂದ ಇಳಿದದ್ದು ಅದೇ ಮೊದಲು. ಎಸೆಯುತ್ತೇನೆ ಹಿಡಿದುಕೋ ಎಂದ.

"ಎಸೀಬ್ಯಾಡ, ಮುಟ್ಟಲ್ಲ. ವಿಮಲೇಶ, ಆ ಕಾಗ್ದ ತಗೊಂಡ್ ಬಾ. ಈಜು ಬರ್ತಿರ್ಲಿಲ್ಲ ಅಂತ ಬರಿ. ಕುಡ್ದಿರ್ಲಿಲ್ಲ ಅಂತ ಬರಿ. ಡ್ಯಾರಿಲ್ ಕಳ್ಸಿದ ಅಂತ ಬರಿ. ಕೆಳಗೆ ಅವನ ಸಹಿ ಹಾಕ್ಸು. ಸೋದರತ್ತೆ ಮಾತಿನ ಪ್ರಕಾರ."

ವಿಮಲೇಶ ಮೇಜು ಬಿಟ್ಟು ಎದ್ದ. ಚಪ್ಪಲಿ ಕಳಚಿಟ್ಟ. ನಲವತ್ತು ಜನರ ನಡುವೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಡೆದು ಬಂದು ಡ್ಯಾರಿಲ್‌ನ ಪಕ್ಕದಲ್ಲಿ ನಿಂತ. ಜೇಬಿನಲ್ಲೇ ಇದ್ದ ಆ ಕಾಗದವನ್ನು ಅಂಗೈ ಮೇಲೆ ಹರವಿ, ಬರೆದಿದ್ದ ಸಾಲುಗಳನ್ನು ಒಂದೊಂದಾಗಿ ಹೊಡೆದು ಹಾಕಿದ. ಕೆಳಗೆ ಬರೆದ. ಪೆನ್ನನ್ನು ಡ್ಯಾರಿಲ್‌ನ ಮುಂದೆ ಹಿಡಿದ.

ಡ್ಯಾರಿಲ್ ಕಿತ್ತಳೆ ಜಾಕೆಟ್ಟನ್ನು ಎದೆಗೆ ಅವುಚಿಕೊಂಡು ಪೆನ್ನು ನೋಡಿದ, ಫೋನುಗಳನ್ನು ನೋಡಿದ, ನನ್ನನ್ನು ನೋಡಿದ. ಉಬ್ಬರದ ಹೊತ್ತು. ನೀರು ಎದೆ ಬಿಟ್ಟು ಗಂಟಲಿಗೆ ಬಂದಿತ್ತು, ಅಲೆ ಬಂದಾಗಲೆಲ್ಲ ನಾನು ಕತ್ತು ಎತ್ತಬೇಕಾಗಿತ್ತು.

"ಬುಬು, ಪ್ಲೀಸ್," ಎಂದ.

ಎಷ್ಟು ಹೊತ್ತಿನಿಂದ ಕೇಳುತ್ತಿದ್ದನಲ್ಲ. ನಾನು ಬಾಯಿ ತೆರೆದು ನನ್ನ ನಾಲ್ಕೂ ಹಲ್ಲುಗಳನ್ನು ಅವನಿಗೆ ತೋರಿಸಿದೆ.