ಕೊಡೆಮರ

ಹಳದಿ, ಎಚ್ಚರಿಕೆಯ ಹಳದಿ, ಕಂಪ್ಯೂಟರಿನ ಕಪ್ಪು ಪರದೆಯ ತಳದಲ್ಲಿ ಒಂದೇ ಒಂದು ಸಾಲು ಉಳಿದಿದೆ, ಬೆಳಿಗ್ಗೆ ಪರದೆ ತುಂಬ ಇದ್ದವು, ಕೆಂಪೂ ಇದ್ದವು, ವಿನಯಾ ಒಂದೊಂದನ್ನೇ ಸರಿಮಾಡುತ್ತ ಬಂದಳು — ಇಲ್ಲಿ ಆವರಣ ಮುಚ್ಚಿಲ್ಲ, ಅಲ್ಲಿ ಗುಂಡಿ ಒತ್ತಿದರೆ ಏನಾಗಬೇಕೆಂದು ಬರೆದಿಲ್ಲ — ಎಂಥಾ ಟೂಲಪ್ಪ ಇದು, ಒಂದು ಕಮಾಂಡ್ ಹೊಡೆದು ಎಂಟರ್ ಒತ್ತಿದರೆ ಸಾಕು, ಬರೆದ ಕೋಡನ್ನೆಲ್ಲ ಮೂಸಿ ನೋಡಿ ತಪ್ಪು ಒಪ್ಪಿಸುತ್ತದೆ, ಮೊಸರಲ್ಲಿ ಕಲ್ಲು ಹುಡುಕುವ ಜಾತಿ, ಆದರೂ ಇದರ ಮೇಲೆ ಅವಳಿಗೆ ಪ್ರೀತಿಯೇ, ಬೆನ್ನ ಹಿಂದೆ ಆಡುವುದಿಲ್ಲ, ಇಂಥ ಫೈಲು ಇಂಥ ಸಾಲು ಎಂದು ಎದುರಿಗೇ ಬೈಯುತ್ತದೆ, ಥೇಟು ಅವಳ ಕನ್ನಮ್ಮಜ್ಜಿ. ಕೊಡೆಮರ ಎಂಬ ಹೆಸರು ಇಟ್ಟಿದ್ದೀರಿ, ಎಲ್ಲಿಯೂ ಬಳಸಿಲ್ಲ. ಆ ಹಳದಿ ಸಾಲಿನ ದೂರು ಇಷ್ಟೇ. ಕಿಟಕಿಯ ಕೆಳಗೆ ಸಾಗರದ ಬಸ್‌ಸ್ಟ್ಯಾಂಡು, ಹೊಸ್ನಗ್ರ ತೀರ್ಥಳ್ಳಿ ಹೊಸ್ನಗ್ರ ತೀರ್ಥಳ್ಳಿ ಎಂದು ಏಜೆಂಟನ ಕೂಗು, ಸಂಜೆಯೊಳಗೆ ಬಸ್ ಕಂಪನಿಗೆ ಈ ಪುಟ ಒಪ್ಪಿಸಬೇಕು, ಎಲ್ಲೆಲ್ಲಿ ನಿಲ್ಲಿಸಬೇಕೆಂದು ಡ್ರೈವರನ ಫೋನಿನಲ್ಲಿ ತೋರಿಸುವ ಪುಟ, ನಾಳೆ ತೀರ್ಥಹಳ್ಳಿ ಬಸ್ಸಿನ ಹಳೆಯ ಡ್ರೈವರ್ ಮಹಾಗಣಪತಿಗೆ ಕೊನೆಯ ದಿನ, ಆಮೇಲೆ ಆ ಬಸ್ಸಿಗೆ ದಾವಣಗೆರೆ ಕಡೆಯ ಹೊಸಬ, ಫೋನು ನಿಲ್ಲು ಎಂದಲ್ಲಿ ನಿಲ್ಲುತ್ತಾನೆ, ಇಲ್ಲವೆಂದರೆ ಇಲ್ಲ. ಪಕ್ಕದ ಮೇಜಿನಿಂದ ಪೂರ್ಣೇಶ್ ಬಗ್ಗಿ ನೋಡುತ್ತಾನೆ, ಪೇಜು ಸರಿಯಾಗೇ ಓಪನ್ ಆಗ್ತಾ ಉಂಟಲ್ಲ ಮಾರಾಯ್ತಿ, ಆ ಒಂದ್ ಲೈನ್ ಅಳ್ಸಿ ಬಿಡು, ಟೀ ಕುಡಿಯಕ್ ಹೋಗಣ. ಅಳಿಸಿದರೆ ಆಯಿತು, ನಿಜ.

ಬೆರಳು ಡಿಲೀಟ್ ಗುಂಡಿಯ ಮೇಲೆ ಇದೆ, ಕೊಡೆಮರ, ಯಾವ ಬೋರ್ಡಿನಲ್ಲೂ ಇಲ್ಲದ ಹೆಸರು, ಹೊಸನಗರ ದಾಟಿದ ಮೇಲೆ ತಿರುವಿನಲ್ಲಿ ಒಂದು ಹಲಸಿನ ಮರ, ಅದರ ಕೆಳಗೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಕನ್ನಮ್ಮಜ್ಜಿಯ ಮನೆ — ಪ್ರತಿ ಸೋಮವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಮೇಲೆ ಬಂದವಳು ಕೊಂಬೆಗೆ ಕೊಡೆ ತೂಗುಹಾಕಿ ಮನೆಗೆ ವಾಪಸು ಹೋಗುತ್ತಾಳೆ, ಹಿಡಿಕೆಗೆ ಕೆಂಪು ಬಟ್ಟೆ ಸುತ್ತಿದ ಕಪ್ಪು ಕೊಡೆ, ಉರಿಬಿಸಿಲಿನ ಏಪ್ರಿಲ್ಲಿನಲ್ಲೂ ಅದೇ, ಕೊಡೆ ಇದೆಯೆಂದರೆ ಅಜ್ಜಿ ಬರುತ್ತಾಳೆ ಎಂದರ್ಥ, ಮಹಾಗಣಪತಿ ಒಂದು ಹಾರನ್ ಹೊಡೆದು ಕಾಯುತ್ತಾನೆ, ಗಂಜಿ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಅಜ್ಜಿ ಹತ್ತುತ್ತಾಳೆ, ಒಳಗೆ ಯಾರಾದರೂ ಗೊಣಗಿದರೋ ಮುಗಿಯಿತು, ಅಜ್ಜಿಯ ಬಾಯಿ ಶುರು, ಎಂತಕ್ಕೆ ಹಾರಾಡ್ತೀರ, ನೀವ್ ಹೋಗೋದ್ರೊಳಗೆ ತೀರ್ಥಳ್ಳಿ ಎದ್ದು ಓಡಿ ಹೋಗ್ತದಾ? ಚಿಕ್ಕವಳಿದ್ದಾಗ ವಿನಯಾ ಅದೇ ಬಸ್ಸಿನಲ್ಲಿ ಅವಳ ಮಡಿಲಲ್ಲಿ, ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ, ಕಾಲಿಗೆ ಕೊಡೆಯ ಚೂಪು ತುದಿ, ತೀರ್ಥಹಳ್ಳಿಯಲ್ಲಿ ಹಾಸಿಗೆ ಹಿಡಿದ ವೆಂಕಮ್ಮ, ಅಜ್ಜಿಯ ತಂಗಿ, ಸೊಸೆ ಎಷ್ಟು ಪುಸಲಾಯಿಸಿದರೂ ತುಟಿ ಬಿಚ್ಚದವಳು ಅಕ್ಕನ ಕೈ ಕಂಡರೆ ಮಾತ್ರ ಬಾಯಿ ತೆರೆಯುತ್ತಾಳೆ, ಈಗಲೂ, ವಾರಕ್ಕೊಮ್ಮೆ ಹೊಟ್ಟೆ ತುಂಬ ಉಣ್ಣುವುದು ಆ ಸೋಮವಾರವೇ — ಅದಕ್ಕೇ ಅಲ್ಲವೇ ಈ ಫೈಲು ತೆರೆದಾಗ ವಿನಯಾ ಎಲ್ಲಕ್ಕಿಂತ ಮೊದಲು ಕೊಡೆಮರ ಎಂದು ಬರೆದದ್ದು, ಮುದ್ದಿನಿಂದ, ಆಮೇಲೆ ಬಸ್ ಕಂಪನಿಯ ಆಫೀಸಿನಿಂದ ಸ್ಟಾಪುಗಳ ಪಟ್ಟಿ ಬಂತು, ಅದನ್ನು ನೋಡಿ ಉಳಿದವನ್ನೆಲ್ಲ ಸಾಲಾಗಿ ಜೋಡಿಸಿದಳು, ಆ ಪಟ್ಟಿಯಲ್ಲಿ ಕೊಡೆಮರ ಎಲ್ಲಿತ್ತು — ಅಯ್ಯೋ. ಡಿಲೀಟ್ ಗುಂಡಿಯಿಂದ ಬೆರಳು ತೆಗೆಯುತ್ತಾಳೆ. ಹೆಸರಿಟ್ಟಿದ್ದಾಳೆ, ಸ್ಟಾಪುಗಳ ಸಾಲಿಗೆ ಸೇರಿಸಿಲ್ಲ. ಪುಟ ಚೆಂದವಾಗಿ ತೆರೆಯುತ್ತದೆ, ಬಸ್ಸೂ ಚೆಂದವಾಗಿ ಓಡುತ್ತದೆ, ತಿರುವು ದಾಟಿ, ಕೊಡೆ ದಾಟಿ. ಪೂರ್ಣೇಶ್ ಕೆಳಗೆ ಹೇಳಿಟ್ಟ ಟೀ ಆರಿಹೋಗುತ್ತದೆ ಎನ್ನುತ್ತಿದ್ದಾನೆ.

ಆರಲಿ. ಸಾಲಿನ ನಡುವೆ ಜಾಗ ಮಾಡಿ ಕೊಡೆಮರವನ್ನು ಕೂರಿಸುತ್ತಾಳೆ, ಎಷ್ಟು ಪ್ರೀತಿ ನಿನ್ನ ಮೇಲೆ ಮುದುಕಿ, ಎಷ್ಟು ಪ್ರೀತಿಯಿದ್ದೂ ಮರೆತೆನಲ್ಲ, ಈ ಕಪ್ಪು ಪರದೆಗಿದ್ದ ನಿಗಾ ನನಗಿಲ್ಲದೆ ಹೋಯಿತಲ್ಲ — ಆದರೆ ಹೊಸಬನಿಗೆ ಹೇಗೆ ತಿಳಿಯಬೇಕು, ಮರದ ಕೆಳಗೆ ಯಾರೂ ಕಾಣದಿದ್ದರೆ ಹೊರಟೇಬಿಟ್ಟಾನು, ಸ್ಟಾಪಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಬರೆಯುತ್ತಾಳೆ, ಕೊಂಬೆಯಲ್ಲಿ ಕೊಡೆ ಇದ್ದರೆ ಹಾರನ್ ಮಾಡಿ ಕಾಯಿರಿ. ಬಸ್ ಓನರ್ ಕೇಳಿದ್ರೆ ಎಂತ ಹೇಳ್ತೀಯ? ಎನ್ನುತ್ತಾನೆ ಪೂರ್ಣೇಶ್. ಕೇಳಲಿ ಬಿಡೋ, ಅವ್ರನ್ನೂ ಒಂದ್ಸಲ ಆ ಬಸ್ಸಲ್ಲಿ ಕೂರ್ಸಿ ಅಜ್ಜಿ ಹತ್ರ ಬೈಸ್ತೀನಿ. ಕಮಾಂಡು, ಎಂಟರ್. ಟೂಲು ಎಲ್ಲವನ್ನೂ ಮತ್ತೆ ಮೂಸುತ್ತಿದೆ, ಹಳದಿ ಇಲ್ಲ, ಕೆಂಪು ಇಲ್ಲ, ತಪ್ಪಿಲ್ಲದಿದ್ದರೆ ಅದು ಮಾತೇ ಆಡುವುದಿಲ್ಲ, ಕಪ್ಪು, ಬರೀ ಕಪ್ಪು, ಕಪ್ಪಿನಲ್ಲಿ ಮಿಣುಗುವ ಕರ್ಸರ್, ಅವಳ ಕಣ್ಣಿಗೆ ಅದು ಬಿಸಿಲಿಗೆ ಮಾಸಿದ ಕೊಡೆಯ ಕಪ್ಪು ಬಟ್ಟೆ, ತಿರುವಿನಲ್ಲಿ ಬಸ್ಸಿನ ಸದ್ದು, ಇಳಿಜಾರಿನಲ್ಲಿ ಇನ್ನೂ ಯಾರೂ ಕಾಣುತ್ತಿಲ್ಲ, ಹೊಸಬನ ಬಸ್ಸು ನಿಧಾನವಾಗುತ್ತಿದೆ, ಹಲಸಿನ ಕೊಂಬೆ, ಕೊಂಬೆಗೆ ಕೊಡೆ, ಕೆಂಪು ಹಿಡಿಕೆಯ ಕೊಡೆ —