ಹಗ್ಗದಾಚೆ ಕುಂಟಿದ ಹಕ್ಕಿ

ರಜೆ ಬಂತೆಂದರೆ ಆ ಮನೆಯಲ್ಲಿ ಒಂದೇ ತಕರಾರು: ಎಲ್ಲಿಗೆ ಹೋಗುವುದು? ಅಪ್ಪ ಬಸ್ ಡ್ರೈವರ್. ವಾರವಿಡೀ ರಸ್ತೆ ನೋಡಿದವನಿಗೆ ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲ. ಮಗಳಿಗೆ ಮೊಬೈಲಿದ್ದರೆ ಊಟವೂ ಬೇಡ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಔಷಧಿ ವಾಸನೆಯಿಲ್ಲದ ಗಾಳಿ ಒಂದು ಹೊತ್ತು ಸಿಕ್ಕರೂ ಅವಳಿಗೆ ಸಾಕಿತ್ತು.

ಅವಳ ನಾದಿನಿಗೆ ಕಡಲಂಚಿನ ಜೌಗಿನ ಪಕ್ಷಿಧಾಮದಲ್ಲಿ ಕೆಲಸ, ಬಂದವರನ್ನು ಸುತ್ತಾಡಿಸಿ ಹಕ್ಕಿ ತೋರಿಸುವುದು. ಬನ್ನಿ ಬನ್ನಿ ಎಂದು ಎಷ್ಟೋ ದಿನದಿಂದ ಕರೆಯುತ್ತಲೇ ಇದ್ದಳು.

“ಕೆಸರು ನೋಡೋದಕ್ಕೆ ಟಿಕೆಟ್ ಬೇರೆ ತಗೋಬೇಕಾ?” ಎಂದು ಡ್ರೈವರ್ ತಂಗಿಯನ್ನು ಆಡಿಕೊಂಡ.

“ಬಾ ಅಣ್ಣ, ಹಾರ್ನ್ ಇಲ್ಲದ ಜಾಗ ಹೇಗಿರುತ್ತೆ ಅಂತ ನಿನ್ನ ಕಿವಿಗೂ ಗೊತ್ತಾಗಲಿ.”

ಅಂತೂ ಹೊರಟರು. ಇಳಿತದ ಹೊತ್ತು. ನೀರು ಹಿಂದೆ ಸರಿದು ಕೆಸರು ಮಿರಮಿರ ಮಿನುಗುತ್ತಿತ್ತು. ಉದ್ದ ಕಾಲಿನ ಹಕ್ಕಿಗಳು ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಚುಚ್ಚಿ ಹುಳ ಹೆಕ್ಕುತ್ತಿದ್ದವು. ಈ ಕೆಸರಲ್ಲೇ ಮೀನಿನ ಮರಿ ಬೆಳೆಯುವುದು, ಬಿರುಗಾಳಿ ಬಂದಾಗ ಅಲೆಯ ಹೊಡೆತವನ್ನು ಮೊದಲು ತಿನ್ನುವುದೂ ಇದೇ ಎಂದು ನಾದಿನಿ ಹೇಳಿದಳು. ಹಲಗೆ ಹಾದಿ ಬಿಟ್ಟು ಇಳಿಯಬೇಡಿ, ಪಕ್ಕದಲ್ಲಿ ಕಟ್ಟಿದ ಹಗ್ಗ ದಾಟಬೇಡಿ ಎಂದು ಎಚ್ಚರಿಸಿ, ಬೇರೆಯವರನ್ನು ಕರೆತರಲು ಗೇಟಿನತ್ತ ಹೋದಳು.

ಅಷ್ಟರಲ್ಲಿ ಹಗ್ಗದಾಚೆಯ ಮರಳಿನಲ್ಲಿ ಪುಟ್ಟ ಕಂದು ಹಕ್ಕಿಯೊಂದು ಕಾಣಿಸಿತು. ಒಂದು ರೆಕ್ಕೆ ನೆಲಕ್ಕೆ ಜೋತು ಬಿದ್ದಿದೆ. ಕುಂಟುತ್ತಿದೆ, ಚೀರುತ್ತಿದೆ. ನರ್ಸಿನ ಕೈ ತಾನಾಗಿ ಕರವಸ್ತ್ರಕ್ಕೆ ಹೋಯಿತು. ನರಳುವ ಜೀವ ಕಂಡರೆ ನಿಂತು ನೋಡುವ ಅಭ್ಯಾಸ ಅವಳಿಗಿಲ್ಲ. ಹಗ್ಗ ದಾಟಿದಳು. ಹಕ್ಕಿ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಮತ್ತಷ್ಟು ದೂರ ತೆವಳಿತು. ನೀರಿನ ಬಾಟಲಿ ಹಿಡಿದು ಗಂಡನೂ ಹಿಂದೆ ಬಂದ, ಶಾಲು ಹಿಡಿದು ಮಗಳೂ.

“ಅತ್ತಿಗೆ, ಅಲ್ಲೇ ನಿಲ್ಲಿ. ಕಾಲು ಎತ್ತಬೇಡಿ. ಮೊದಲು ಕೆಳಗೆ ನೋಡಿ.” ಗೇಟಿನಿಂದ ವಾಪಸಾಗಿದ್ದ ನಾದಿನಿಯ ದನಿ ತಗ್ಗಿತ್ತು, ಆದರೆ ಖಡಕ್ಕಾಗಿತ್ತು.

ನರ್ಸಿನ ಚಪ್ಪಲಿಗೆ ಗೇಣು ದೂರದಲ್ಲಿ ಮರಳಿನ ಬಣ್ಣದ್ದೇ ಚುಕ್ಕೆ ಚುಕ್ಕೆ ಮೊಟ್ಟೆಗಳಿದ್ದವು.

“ಆದ್ರೆ ಅದರ ರೆಕ್ಕೆ ಮುರಿದಿದೆಯಲ್ಲೇ. ಇಷ್ಟು ವರ್ಷ ಕೈಕಾಲು ಕಟ್ಟಿದೀನಿ, ನನಗೆ ಗೊತ್ತಾಗಲ್ವಾ?”

“ನಿಮ್ಮಂಥೋರೂ ನಂಬಬೇಕು, ಹಾಗೆ ಮಾಡುತ್ತೆ ಅದು. ನರಿ ಬಂದ್ರೂ, ನಾಯಿ ಬಂದ್ರೂ ಇದೇ ನಾಟಕ. ನನ್ನ ಹಿಂದೆ ಬಾ, ನನ್ನನ್ನೇ ಹಿಡಿ ಅಂತ. ಮೊಟ್ಟೆ ಉಳಿದರೆ ಸಾಕು ಅದಕ್ಕೆ.”

ಮೂವರೂ ತಮ್ಮ ಹೆಜ್ಜೆ ಗುರುತಿನ ಮೇಲೇ ಕಾಲಿಡುತ್ತ ವಾಪಸಾದರು. ಮುರಿದ ರೆಕ್ಕೆಯ ಹಕ್ಕಿ ಪುರ್ರನೆ ಹಾರಿತು. ಉಳಿಸಲು ಹೋದ ಕಾಲೇ ತುಳಿಯುತ್ತಿತ್ತಲ್ಲ ಎಂದು ನರ್ಸು ತನ್ನ ಚಪ್ಪಲಿಯತ್ತ ನೋಡಿಕೊಂಡಳು.

ಅಲ್ಲಿಗೆ ಮುಗಿಯಲಿಲ್ಲ. ಗಲಾಟೆ ನೋಡಲು ಹಲಗೆ ಹಾದಿಯ ಮೇಲೆ ಜನ ಸೇರಿದ್ದರು, ಫೋನು ಹಿಡಿದು ಬಗ್ಗಿ ಬಗ್ಗಿ ನೋಡುತ್ತಿದ್ದರು. ಹಕ್ಕಿ ಸುತ್ತುತ್ತಿತ್ತೇ ಹೊರತು ಇಳಿಯಲಿಲ್ಲ. ಈ ಬಿಸಿಲಿನಲ್ಲಿ ತಾಯಿ ಬಂದು ನೆರಳು ಕೊಡದಿದ್ದರೆ ಮೊಟ್ಟೆ ಉಳಿಯುವುದಿಲ್ಲ ಎಂದು ನಾದಿನಿ ಪಿಸುಗುಟ್ಟಿದಳು.

ಅಷ್ಟು ಕೇಳಿದ್ದೇ ತಡ, ನರ್ಸು ಸೆರಗು ಬಿಗಿದು ಜನರ ಮುಂದೆ ನಿಂತಳು.

“ನೋಡ್ರಪ್ಪ, ಒಳಗೆ ಬಾಣಂತಿ ಇದ್ದಾಳೆ. ಸ್ವಲ್ಪ ಗಾಳಿ ಬಿಡಿ. ಎಲ್ಲರೂ ಮುಂದೆ ನಡೀರಿ.”

ನಕ್ಕರು, ಆದರೆ ನಡೆದರು. ಹಿಂದೆ ಉಳಿದವರನ್ನು ಡ್ರೈವರ್, ಮುಂದೆ ಜಾಗ ಇದೆ, ಮುಂದೆ ಹೋಗಿ ಎಂದು ಕಂಡಕ್ಟರನಂತೆ ಸಾಗಹಾಕಿದ.

ದೂರದಲ್ಲಿ ನಿಂತು ಮಗಳು ಅತ್ತೆಯ ದುರ್ಬೀನು ಕಣ್ಣಿಗಿಟ್ಟಳು. ಹಕ್ಕಿ ಇಳಿಯಿತು. ಓಡಿತು, ನಿಂತಿತು, ಅತ್ತಿತ್ತ ನೋಡಿ ಮತ್ತೆ ಓಡಿತು.

“ಬಂತಮ್ಮ. ಕೂತಿಲ್ಲ, ಮೊಟ್ಟೆ ಮೇಲೆ ನಿಂತಿದೆ. ಕೊಡೆ ಹಿಡಿದ ಹಾಗೆ.”

ಕೈಗೆ ಬಂದ ದುರ್ಬೀನನ್ನು ಅಮ್ಮ ಬೇಗ ಬಿಡಲಿಲ್ಲ. ಮರಿ ಯಾವಾಗ ಆಗುತ್ತೆ, ಆಮೇಲೆ ಬಂದರೆ ಕಾಣುತ್ತಾ ಎಂದು ಡ್ರೈವರ್ ದನಿ ತಗ್ಗಿಸಿ ತಂಗಿಯನ್ನು ಕೇಳುತ್ತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹತ್ತಿರವೂ ಇಂಥ ಜೌಗು ಇದ್ದರೆ ಮನೆಮಂದಿಯೆಲ್ಲ ಹೋಗಿಬನ್ನಿ. ಕಣ್ಣಿಗೆ, ಕಿವಿಗೆ, ದಣಿದ ಮೈಗೆ ಒಳ್ಳೆಯದು. ಹಾಡಿನ ಪೆಟ್ಟಿಗೆಯನ್ನೂ ನಾಯಿಯನ್ನೂ ಮನೆಯಲ್ಲೇ ಬಿಡಿ. ಹಗ್ಗ ದಾಟಬೇಡಿ. ಗಾಯಗೊಂಡ ಹಕ್ಕಿ ಕಂಡರೆ ಅಲ್ಲಿನ ಸಿಬ್ಬಂದಿಗೆ ಹೇಳಿ, ನೀವು ಹಿಂದೆ ಸರಿಯಿರಿ. ಎಷ್ಟೋ ಸಲ ನೀವು ದೂರ ಹೋದರೆ ಸಾಕು, ಅದರ ರೆಕ್ಕೆ ತಾನೇ ವಾಸಿಯಾಗುತ್ತದೆ.