ಶಿವಲಿಂಗವ್ವನ ಗದ್ದದ ಕೂದಲು

ಮಿರಜಿನ ಆಸ್ಪತ್ರೆಯಿಂದ ಸುದ್ದಿ ಬಂದದ್ದು ಸೋಮವಾರ ಬೆಳಿಗ್ಗೆ. ಶಿವಲಿಂಗವ್ವ ನಸುಕಿನಲ್ಲೇ ಲಿಂಗೈಕ್ಯಳಾಗಿದ್ದಳು. ಬಿಳೂರಿನ ಮನೆಗೆ ಶವ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಮೈದುನನ ಹೆಂಡತಿ, ನೆಗೆಣ್ಣಿ ಶಾಂತಾದೇವಿ ಮುಖದ ಬಟ್ಟೆ ಸರಿಸಿದಳು. ಆಸ್ಪತ್ರೆಯ ಎರಡು ತಿಂಗಳಲ್ಲಿ ಗದ್ದ, ಮೇಲ್ದುಟಿ, ಎಡಗಲ್ಲದ ಮೇಲೆಲ್ಲ ಕೂದಲು ಬೆಳೆದು ನಿಂತಿದ್ದವು. ಇಪ್ಪತ್ತಾರು ವರ್ಷ ಇದು ಇಬ್ಬರೇ ಬಲ್ಲ ಗುಟ್ಟು. ಹದಿನೈದು ದಿನಕ್ಕೊಮ್ಮೆ ಅಡಿಗೆಮನೆಯ ಕದ ಹಾಕಿ, ಒಲೆಯ ಬೂದಿ ಸವರಿ, ಹೊಲಿಗೆಯ ದಾರದಿಂದ ಶಾಂತಾದೇವಿಯೇ ಅವನ್ನು ಕೀಳುತ್ತಿದ್ದಳು.

"ನಾ ಸತ್ತರ ಮಂದೀ ಮುಂದ ಕುಂದ್ರಸತಾರ. ಆವತ್ತ ಈ ಮೀಸಿ ಹೊತ್ತು ಕುಂದ್ರೂಹಂಗ ಮಾಡಬ್ಯಾಡ ತಂಗಿ," ಎಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳು.

ಮುಖದ ಬಟ್ಟೆ ತೆಗೆಯಗೊಡದೆ ಶಾಂತಾದೇವಿಯೇ ಮುಂದೆ ನಿಂತು ಮೈ ತೊಳೆಸಿ, ಗೋಡೆಗೆ ಆನಿಸಿ ಕೂರಿಸಿದ್ದಾಯಿತು.

"ಲಗೂನ ಹೊರಗ ತರ್ರಿ, ಮಂದಿ ಕಾಯಾಕತ್ತೈತಿ!" ಅಂಗಳದಿಂದ ಶಾಂತಾದೇವಿಯ ಗಂಡ ಮುರಗೆಪ್ಪ ಕೂಗಿದ.

"ಒಂದ ಘಳಿಗಿ ಅಕ್ಕನ ಹಂತ್ಯಾಕ ನಾ ಒಬ್ಬಾಕಿನ ಕುಂದ್ರತೀನಿ," ಎಂದಳು ಶಾಂತಾದೇವಿ.

ನೆರೆಮನೆಯ ಮುದುಕಿ ರುಕ್ಮವ್ವ ಮೂಗು ಮುರಿದಳು. "ಬದಕಿದ್ದಾಗೂ ಕದಾ ಹಾಕ್ಕೊಂಡ ಗುಸುಗುಸು. ಈಗರೆ ಏನ ಮಾತಾಡೂದೈತೇ?"

ಕದ ಮುಚ್ಚಿ ಬೂದಿ ಸವರಿದಳು. ದಾರದ ತುದಿ ಹಲ್ಲಲ್ಲಿ ಕಚ್ಚಿ ಗದ್ದ ತೆಗೆದಳು, ತುಟಿ ತೆಗೆದಳು. ದಾರ ಎಳೆದಾಗಲೆಲ್ಲ ಅಕ್ಕನ ಕಣ್ಣಲ್ಲಿ ನೀರು ಬರುತ್ತಿತ್ತು, ಇಂದು ಬರಲಿಲ್ಲ. ಗಲ್ಲ ಮಾತ್ರ ಒಳಗಿಳಿದು, ಕೂದಲು ದಾರಕ್ಕೆ ಸಿಗಲೊಲ್ಲವು. ಕೈಯಂತೆ ಬಾಯಿಗೂ ರೂಢಿ. ದಾರ ಬಿಟ್ಟು, "ಅಕ್ಕಾ, ಗಲ್ಲ ಉಬ್ಬಸು," ಎಂದುಬಿಟ್ಟಳು.

ಗಲ್ಲ ಉಬ್ಬಿತು. ಒಳಗಿನಿಂದ ನಾಲಿಗೆ ಒತ್ತಿ ಹಿಡಿದಂತೆ, ಯಾವಾಗಲೂ ಉಬ್ಬುತ್ತಿದ್ದಷ್ಟೇ.

ಶಾಂತಾದೇವಿ ಮೂಗಿನ ಕೆಳಗೆ ಅಂಗೈ ಹಿಡಿದಳು. ಉಸಿರಿಲ್ಲ. ಕೊರಳು ಕಲ್ಲಿನಂತೆ ತಣ್ಣಗಿತ್ತು. ಹೊರಗೆ ಕದ ಬಡಿದರು. ಕಿರುಚಿದರೆ ಜನ ಒಳನುಗ್ಗಿ, ಅರ್ಧ ಕೂದಲಿನ ಆ ಮುಖವನ್ನು ಊರೇ ನೋಡುತ್ತದೆ. ಅವಳು ಹಲ್ಲಲ್ಲಿ ಮತ್ತೆ ದಾರ ಕಚ್ಚಿದಳು.

ಕಡೆಯ ಕೂದಲೂ ಬಂತು. "ಸಾಕ ಅಕ್ಕಾ, ಮುಗೀತು."

ಗಲ್ಲ ಮೆಲ್ಲಗೆ ಇಳಿಯಿತು.

ಬೂದಿ ಒರೆಸಿ, ಹಣೆಗೆ ವಿಭೂತಿ ಹಚ್ಚಿ ಕದ ತೆರೆದಳು. ರುಕ್ಮವ್ವ ಇಣುಕಿ, "ಯವ್ವಾ, ಮಾರಿ ಎಷ್ಟ ಚಲೋ ಕಾಣತೈತಿ!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಶಾಂತಾದೇವಿ ಗುಡ್ಡಾಪುರದ ದಾನಮ್ಮನ ಗುಡಿಯ ದಿಕ್ಕಿಗೆ ಕೈಮುಗಿದಳು. "ತಾಯಿ ದಾನಮ್ಮಾ, ಆಕಿ ಬೇಡಿದ್ದು ಆತು. ಇನ್ನ ಆಕಿ ಯಾರ ಮಾತಿಗೂ ಓಗೊಡಬಾರದು. ಮರತು ನಾ ಕರದರೂ ಕೇಳಸಬಾರದು. ನಿನ್ನ ಪಾದದಾಗ ಸುಮ್ಮನ ಇಟ್ಟಕೊ. ನಮ್ಮಕ್ಕಗ ಶಾಂತಿ ಕೊಡು, ತಾಯಿ."